ಬರೀ ತಗಡಿನ ಕಾರು

ಟಾರ್ಪಾಲನ್ನು ಎಳೆದು ಪಕ್ಕಕ್ಕೆ ಬಿಸಾಡಿದ ಹೆಡ್ ಕಾನ್‌ಸ್ಟೇಬಲ್ ಬೈರಣ್ಣ ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಅಯ್ಯೋ ಶಿವನೇ! ಏನ್ ಸಾರ್ ಇದು? ಕುರಿ ಹೊಟ್ಟೆ ಬಗೆದು ಕರುಳು ಹರವಿದಂಗಿದೆ!"

ಸಬ್ ಇನ್ಸ್‌ಪೆಕ್ಟರ್ ಮುನಿರಾಮಯ್ಯ ಬಗ್ಗಿ ನೋಡಿದ. ಬಾಶೆಟ್ಟಿಹಳ್ಳಿಯ ಆ ಶೆಡ್ಡಿನ ನೆಲದ ಮೇಲೆ ಒಂದು ಇಡೀ ಕಾರಿನ ಒಳಭಾಗ ಬಿದ್ದಿತ್ತು. ಸೀಟು, ಬಾಗಿಲಿನ ಒಳಹಲಗೆ, ಚಾವಣಿಗೆ ಬಿಗಿದ ಬಟ್ಟೆ, ಕಾಲ್ಕೆಳಗಿನ ಕಾರ್ಪೆಟ್ಟು, ಸ್ಟೆಪ್ನಿ ಚಕ್ರ, ಮುಂದಿನ ಹಿಂದಿನ ಬಂಪರು. ಎಲ್ಲವನ್ನೂ ಒಪ್ಪವಾಗಿ ಜೋಡಿಸಿಟ್ಟಿದ್ದರು. ಯಾರೋ ಬಂದು ಕೂತು ಬಾಗಿಲು ಹಾಕಿಕೊಳ್ಳುವುದೊಂದೇ ಬಾಕಿ ಅನ್ನುವ ಹಾಗೆ.

ಆ ಸೀಟುಗಳ ಒಡೆಯ ನರೇಶ ಸತ್ತು ಇವತ್ತಿಗೆ ನಾಲ್ಕು ದಿನ. ಸೋಮವಾರ ಬೆಳಿಗ್ಗೆ ಘಾಟಿ ರಸ್ತೆಯ ತಿರುವಿನಲ್ಲಿ ಅವನ ಕೆಂಪು ಫಿಯಟ್ಟು ಹಳೇ ಕಲ್ಲು ಕ್ವಾರಿಗೆ ಹಾರಿತ್ತು.

"ಸ್ಪೀಡು ಸಾರ್. ಇಪ್ಪತ್ನಾಲ್ಕು ವರ್ಷದ ಹುಡುಗ, ಕೈಲಿ ಕಾರು. ಇನ್ನೇನಾಗುತ್ತೆ?" ಅಂದ ಬೈರಣ್ಣ.

ಊರೆಲ್ಲ ಅದನ್ನೇ ಹೇಳುತ್ತಿತ್ತು. ಕಾರನ್ನು ಪರೀಕ್ಷೆ ಮಾಡಿದ ಬ್ರೇಕ್ ಇನ್ಸ್‌ಪೆಕ್ಟರ್ ಮಾತ್ರ ಬೇರೆ ಹೇಳಿದ್ದ. ಬ್ರೇಕು ಸರಿಯಾಗಿದೆ, ಸ್ಟೀರಿಂಗ್ ಸರಿಯಾಗಿದೆ, ಚಕ್ರ ನಾಲ್ಕೂ ಹೊಸವು, ಈ ಕಾರು ತಾನಾಗಿ ಬೀಳೋ ಕಾರಲ್ಲ ಸ್ವಾಮಿ ಅಂತ. ಆ ಕೊನೆಯ ಮಾತು ಮುನಿರಾಮಯ್ಯನ ತಲೆಯಲ್ಲಿ ನೊಣದ ಹಾಗೆ ಗುಂಯ್‌ಗುಡುತ್ತಲೇ ಇತ್ತು.

"ಯಾಕ್ರೀ ಹಿಂಗೆ ಬಿಚ್ಚಿದ್ರಿ?" ಎಂದು ಮೂರ್ತಿಯ ಕಡೆ ತಿರುಗಿದ.

ಮೂರ್ತಿ ಶೆಡ್ಡಿನ ಯಜಮಾನ. ಲೇತ್ ಮಿಷನ್ ಇಟ್ಟುಕೊಂಡು ಸುತ್ತಲಿನ ಫ್ಯಾಕ್ಟರಿಗಳಿಗೆ ಬಿಡಿಭಾಗ ಕಡೆದು ಕೊಡುತ್ತಿದ್ದ ದಪ್ಪ ಮನುಷ್ಯ. ನರೇಶನಿಗೆ ಜೀವದ ಗೆಳೆಯ. ಮುಂದಿನ ಭಾನುವಾರದ ಕಾರು ರ‍್ಯಾಲಿಯಲ್ಲಿ ನರೇಶ ಗಾಡಿ ಓಡಿಸುವುದು, ಮೂರ್ತಿ ಪಕ್ಕದಲ್ಲಿ ಕೂತು ದಾರಿ ಹೇಳುವುದು ಅಂತ ಮಾತಾಗಿತ್ತು.

"ತೂಕ ಇಳಿಸೋಕೆ ಸಾರ್. ಇಂಜಿನ್ನು ಅದೇ, ಶಕ್ತಿ ಅದೇ. ಹೊರೋ ಭಾರ ಕಮ್ಮಿ ಆದ್ರೆ ಗಾಡಿ ಜಿಂಕೆ ಥರ ಹಾರುತ್ತೆ. ಎರಡು ತಿಂಗಳು ಇದೇ ಕೆಲಸ ನಮಗೆ. ಗೋಡೆ ನೋಡಿ."

ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು. ಬಿಚ್ಚಿದ ಒಂದೊಂದು ಸಾಮಾನಿನ ಹೆಸರು, ಅದರ ಮುಂದೆ ತೂಕ. ಹಿಂದಿನ ಸೀಟು ಇಪ್ಪತ್ನಾಲ್ಕು ಕೆಜಿ. ಎಡಗಡೆ ಮುಂದಿನ ಸೀಟು ಹದಿಮೂರು. ಚಾವಣಿ ಬಟ್ಟೆ ಎರಡೂವರೆ. ಗಾಜು ಇಳಿಸುವ ಹಿಡಿಯ ತೂಕವನ್ನೂ ಬಿಟ್ಟಿರಲಿಲ್ಲ. ಎಲ್ಲಕ್ಕೂ ಮೇಲೆ 'ಮೊದಲು 900'. ಎಲ್ಲಕ್ಕೂ ಕೆಳಗೆ, ಎರಡೆರಡು ಗೆರೆ ಎಳೆದು, 'ಈಗ 780'. ಅದರ ಪಕ್ಕದಲ್ಲಿ ಚಿಕ್ಕದಾಗಿ 'ನಾನು 55'.

"ಅವನದೂ ಬರೆದಿದ್ದಾನೆ?"

"ಕಾರಿಂದಷ್ಟೇ ಅಲ್ಲ ಸಾರ್, ತನ್ನ ತೂಕನೂ ಇಳಿಸ್ತಿದ್ದ. ರಾತ್ರಿ ಮುದ್ದೆ ಬಿಟ್ಬಿಟ್ಟಿದ್ದ. ಅವರಮ್ಮ ದಿನಾ ಬಯ್ಯೋರು." ಮೂರ್ತಿ ಮುಖ ತಿರುಗಿಸಿಕೊಂಡ.

ಮುನಿರಾಮಯ್ಯ ರಾಶಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಅಂಟಂಟಾದ ಕಪ್ಪು ಹಾಳೆಗಳು ಒಂದರ ಮೇಲೊಂದು ಬಿದ್ದಿದ್ದವು.

"ಇದೇನು?"

"ಟಾರು ಶೀಟು ಸಾರ್. ಸದ್ದು ಒಳಗೆ ಬರದಿರಲಿ ಅಂತ ಕಾರ್ಪೆಟ್ ಕೆಳಗೆ ಅಂಟಿಸಿರ್ತಾರೆ. ಇದೊಂದೇ ಹದಿನೇಳು ಕೆಜಿ. ಉಳಿ ಹಾಕಿ ಕೆರೆದು ಕೆರೆದು ಕೈ ಬೊಬ್ಬೆ ಬಂತು. ಆದ್ರೂ ಪೂರ್ತಿ ಹೋಗ್ಲಿಲ್ಲ. ಈಗಲೂ ಆ ತಗಡಿನ ಮೇಲೆ ಏನಿಟ್ರೂ ಅಂಟ್ಕೊಳ್ಳುತ್ತೆ."

"ಈ ಎಡಗಡೆ ಸೀಟು ಇಲ್ಲೇ ಇದೆಯಲ್ಲ. ನೀವೆಲ್ಲಿ ಕೂರೋರು?"

"ನನಗೆ ಅಂತ ಹಗುರದ ಸೀಟು ಬೆಂಗಳೂರಲ್ಲಿ ಮಾಡಿಸೋಕೆ ಕೊಟ್ಟಿದ್ವಿ. ಇನ್ನೂ ಬಂದಿಲ್ಲ. ಆ ಕಾರಲ್ಲಿ ಇದ್ದಿದ್ದು ಒಂದೇ ಸೀಟು ಸಾರ್, ಡ್ರೈವರ್ ಸೀಟು. ಇನ್ನೊಬ್ಬರು ಕೂರೋ ಹಾಗೇ ಇರ್ಲಿಲ್ಲ. ಉಳಿದಿದ್ದೆಲ್ಲ ಬರೀ ತಗಡು."

"ಅಂದ್ರೆ ನರೇಶ ಒಬ್ಬನೇ ಹೋಗಿದ್ದ."

"ಮತ್ತಿನ್ಯಾರು ಸಾರ್?"

ಬೈರಣ್ಣ ಟೋಪಿ ಸರಿಮಾಡಿಕೊಂಡ. "ಮುಗೀತಲ್ಲ ಸಾರ್. ಹೊರಡೋಣ್ವಾ?"

"ಈ ಏಳ್ನೂರ ಎಂಬತ್ತು ಎಲ್ಲಿ ತೂಗಿಸಿದ್ರಿ?" ಎಂದ ಮುನಿರಾಮಯ್ಯ, ಗೋಡೆಯಿಂದ ಕಣ್ಣು ತೆಗೆಯದೆ.

"ರುಕ್ಮಿಣಮ್ಮನೋರ ವೇಬ್ರಿಜ್‌ನಲ್ಲಿ, ಮೇನ್ ರೋಡಲ್ಲಿ. ಭಾನುವಾರ ಸಂಜೆ. ಮುಳ್ಳು ಎಂಟ್ನೂರರ ಕೆಳಗೆ ಇಳಿದಾಗ ಇಬ್ರೂ ಕುಣಿದ್ಬಿಟ್ವಿ ಸಾರ್. ಅದೇ ಕೊನೆ."

* * *

ಅದು ಕೊನೆಯಾಗಿರಲಿಲ್ಲ.

"ಭಾನುವಾರ ಬಂದಿದ್ರು, ಸರಿ. ಸೋಮವಾರ ಬೆಳಿಗ್ಗೆನೂ ಬಂದಿದ್ನಲ್ಲ ಸಾರ್ ಹುಡುಗ!" ಅಂದಳು ರುಕ್ಮಿಣಮ್ಮ.

ಗಂಡ ಹೋದ ಮೇಲೆ ಲಾರಿ ತೂಗುವ ಆ ವೇಬ್ರಿಜ್ಜನ್ನು ಹನ್ನೊಂದು ವರ್ಷದಿಂದ ಒಬ್ಬಳೇ ನಡೆಸುತ್ತಿದ್ದ ಹೆಂಗಸು. ಗಾಜಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು, ಬಂದ ಪ್ರತಿ ಗಾಡಿಯ ಚೀಟಿಗೂ ಕಾರ್ಬನ್ ಪ್ರತಿ ಇಡುತ್ತಿದ್ದಳು.

ಜೊತೆಗೆ ಬಂದಿದ್ದ ಮೂರ್ತಿ ಮುಂದೆ ಬಂದ. "ಸೋಮವಾರನಾ? ನಂಗೆ ಹೇಳೇ ಇಲ್ವಲ್ಲ!"

ಮುನಿರಾಮಯ್ಯ ಚೀಟಿ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡ. ಸೋಮವಾರ. ಬೆಳಿಗ್ಗೆ ಆರು ಗಂಟೆ ಐದು ನಿಮಿಷ. ಫಿಯಟ್ ಕಾರು. ತೂಕ, 900.

ಅವನು ಮತ್ತೊಮ್ಮೆ ಓದಿದ. ಕಣ್ಣು ಮೋಸ ಮಾಡುತ್ತಿಲ್ಲ.

"ಇದು ಹಳೇ ಚೀಟಿನಾ? ಸಾಮಾನು ಬಿಚ್ಚೋಕೆ ಮುಂಚೆದು?"

"ತಾರೀಕು ಇದೆಯಲ್ಲ ಸಾರ್. ನಾನೇ ಬರೆದಿದ್ದು. ಆವತ್ತು ಒಂದು ವಿಶೇಷ ಅಂದ್ರೆ, ಯಾವಾಗ್ಲೂ ಗಾಡಿ ನಿಲ್ಲಿಸಿ ಇಳಿದು ಈ ಕಡೆ ಬರೋನು. ಆವತ್ತು ಇಳೀಲಿಲ್ಲ. ಕೂತ್ಕೊಂಡೇ ತೂಗಿ ಅಕ್ಕಾ ಅಂತ ಕೂಗಿದ. ನಗ್ತಾ ಇದ್ದ."

"ಪಕ್ಕದಲ್ಲಿ ಯಾರಿದ್ರು?"

"ಯಾರೂ ಕಾಣ್ಲಿಲ್ಲ. ಅವನ ತಲೆ ಒಂದೇ ಕಂಡಿದ್ದು."

ಮುನಿರಾಮಯ್ಯ ಮನಸ್ಸಿನಲ್ಲೇ ಕಳೆದ. ಬಿಚ್ಚಿದ ಕಾರು ಏಳ್ನೂರ ಎಂಬತ್ತು. ನರೇಶ ಐವತ್ತೈದು. ಎರಡೂ ಸೇರಿದರೆ ಎಂಟ್ನೂರ ಮೂವತ್ತೈದು. ಚೀಟಿಯಲ್ಲಿರುವುದು ಒಂಬೈನೂರು.

ಅರವತ್ತೈದು ಕೆಜಿ ಹೆಚ್ಚು.

"ಮೂರ್ತಿ, ಬಿಚ್ಚಿದ ಸಾಮಾನಲ್ಲಿ ಏನಾದ್ರೂ ವಾಪಸ್ ಹಾಕಿದ್ನಾ?"

"ಎಲ್ಲಾ ಶೆಡ್ಡಲ್ಲೇ ಇದೆ ಸಾರ್, ನೀವೇ ನೋಡಿದ್ರಲ್ಲ. ಪೆಟ್ರೋಲೂ ಹತ್ತು ಲೀಟರ್ ಮೇಲೆ ಹಾಕ್ತಿರ್ಲಿಲ್ಲ ಅವನು."

"ಅಕ್ಕಿ ಮೂಟೆಗಿಟೆ ಇಟ್ಟಿರಬೌದು ಸಾರ್," ಅಂದ ಬೈರಣ್ಣ.

"ಗ್ರಾಂ ಗ್ರಾಂ ಲೆಕ್ಕ ಹಾಕಿ ಕಾರು ಹಗುರ ಮಾಡ್ದೋನು ಅಕ್ಕಿ ಮೂಟೆ ಹೊರ್ತಾನೇನ್ರೀ?"

ಮಾತು ಬಾಯಿಂದ ಬೀಳುತ್ತಿದ್ದ ಹಾಗೇ ಮುನಿರಾಮಯ್ಯನಿಗೆ ಠಾಣೆಯ ಅಂಗಳದಲ್ಲಿ ನಿಂತಿರುವ ನುಜ್ಜುಗುಜ್ಜಾದ ಕಾರು ಕಣ್ಣೆದುರು ಬಂತು. ಎಡಗಡೆಯ ತಗಡಿನ ನೆಲದಲ್ಲಿ, ಕೆರೆದು ಉಳಿದ ಟಾರಿನ ಮೇಲೆ, ನಾಲ್ಕಾರು ನೀಲಿ ಎಳೆಗಳು ಅಂಟಿದ್ದವು. ನೇಕಾರರ ಮನೆಯ ಹುಡುಗ, ಮೈಮೇಲೆ ಎಳೆ ಇರುವುದೇನು ಹೊಸದು ಅಂತ ಅವನು ಅವತ್ತು ಅದನ್ನು ಬಿಟ್ಟುಬಿಟ್ಟಿದ್ದ.

ಆ ನೆಲದ ಮೇಲೆ ಯಾರೋ ಕೂತಿದ್ದರು. ಹೊರಗೆ ತಲೆ ಕಾಣದ ಹಾಗೆ, ಬಗ್ಗಿ. ಅರವತ್ತೈದು ಕೆಜಿಯ ಮನುಷ್ಯ.

"ಮೂರ್ತಿ, ಹೋಗಿ ಆ ತೂಕದ ಕಟ್ಟೆ ಮೇಲೆ ನಿಂತ್ಕೊಳ್ರಿ."

"ಸಾರ್, ನಾನು..."

"ನಿಂತ್ಕೊಳ್ರಿ ಅಂದೆ."

ಹತ್ತು ಟನ್ನಿನ ಲಾರಿ ನಿಲ್ಲುವ ಕಬ್ಬಿಣದ ಹಲಗೆಯ ನಡುವೆ ಮೂರ್ತಿ ಒಬ್ಬನೇ ಹೋಗಿ ನಿಂತ. ರಸ್ತೆಯಲ್ಲಿ ಶಿಫ್ಟಿಗೆ ಹೋಗುತ್ತಿದ್ದ ಇಬ್ಬರು ಸೈಕಲ್ ನಿಲ್ಲಿಸಿ ನೋಡತೊಡಗಿದರು. ರುಕ್ಮಿಣಮ್ಮ ಮುಳ್ಳು ನೋಡಿ ಹೇಳಿದಳು.

"ಎಂಬತ್ತೈದು."

ಇವನಲ್ಲ. ಹಾಗಾದರೆ ಯಾರು? ಕಾರಿನಲ್ಲಿದ್ದ ಆ ಇನ್ನೊಬ್ಬರು ಕ್ವಾರಿಯ ತಳದಲ್ಲಿ ಯಾಕೆ ಸಿಗಲಿಲ್ಲ?

ನಾಲ್ಕು ದಿನದಿಂದ ಒಬ್ಬ ಮನುಷ್ಯ ಮಾತ್ರ ಈ ಕೇಸು ಬೇಗ ಮುಗಿಸಿ ಎಂದು ಠಾಣೆಗೆ ಎಡತಾಕುತ್ತಿದ್ದ. ಸಣಕಲು ದೇಹದ, ನರೇಶನ ತಂದೆ ಲಕ್ಷ್ಮಯ್ಯ. ಕಾರನ್ನು ಒಂದಿನ ಸುಟ್ಟು ಹಾಕ್ತೀನಿ ಅಂತ ಮಗನ ಮೇಲೆ ಬೀದಿಯಲ್ಲಿ ಕೂಗಾಡಿದ್ದವನೂ ಅವನೇ.

"ದೊಡ್ಡಬಳ್ಳಾಪುರಕ್ಕೆ ನಡೀರಿ," ಎಂದ ಬೈರಣ್ಣನಿಗೆ.

* * *

ಬೀದಿಯುದ್ದಕ್ಕೂ ಮಗ್ಗಗಳು ಖಟಖಟ ಬಡಿದುಕೊಳ್ಳುತ್ತಿದ್ದವು. ಲಕ್ಷ್ಮಯ್ಯನ ಮನೆಯ ಎಂಟು ಮಗ್ಗ ಮಾತ್ರ ನಾಲ್ಕು ದಿನದಿಂದ ನಿಂತಿದ್ದವು. ಅರ್ಧ ನೇಯ್ದ ಸೀರೆಗಳು ಹಾಗೇ ಇದ್ದವು.

ಒಳಗೆ ಕಾಲಿಡುತ್ತಲೇ ಮುನಿರಾಮಯ್ಯನ ಮೂಗಿಗೆ ಸೀಮೆಎಣ್ಣೆ ವಾಸನೆ ಬಡಿಯಿತು.

ಲಕ್ಷ್ಮಯ್ಯ ಎದ್ದು ಬಂದ. "ಸೂತಕದ ಮನೆ ಸಾರ್. ಹಿಂಗೆ ಪದೇ ಪದೇ ಬಂದ್ರೆ ಹೆಂಗೆ? ಹೋದೋನು ಹೋದ. ನಮ್ಮನ್ನ ನಮ್ಮ ಪಾಡಿಗೆ ಬಿಡಿ."

"ಸೋಮವಾರ ಬೆಳಿಗ್ಗೆ ಎಲ್ಲಿದ್ರಿ ಲಕ್ಷ್ಮಯ್ಯನೋರೇ?"

"ಎಲ್ಲಿದ್ರಿ ಅಂದ್ರೆ? ಮಲಗಿದ್ದೆ."

"ಮಗನ ಕಾರಲ್ಲಿ ಕೂತಿದ್ರಾ?"

ಲಕ್ಷ್ಮಯ್ಯನ ಕಣ್ಣು ಕೆಂಪಾದವು. "ಆ ಶನಿ ಕಾರಲ್ಲಿ ನಾನು ಒಂದಿನಾನೂ ಕಾಲಿಟ್ಟಿಲ್ಲ! ಸೀಟಿಲ್ಲ, ಮ್ಯಾಟಿಲ್ಲ, ಬರೀ ತಗಡು. ಹೆಣದ ಪೆಟ್ಟಿಗೆ ಮಾಡ್ಕೊಂಡಿದೀಯ ಕಣೋ ಅಂತ ನಾನೇ ಬಾಯ್ತುಂಬ ಅಂದ್ಬಿಟ್ಟೆ ಸಾರ್. ನನ್ನ ನಾಲಿಗೆಗೆ ಹುಳ ಬೀಳ..." ಮಗ್ಗದ ಕಂಬ ಹಿಡಿದುಕೊಂಡು ನಿಂತ.

ಮುನಿರಾಮಯ್ಯ ಅವನನ್ನು ದಾಟಿ ಹಿತ್ತಲಿಗೆ ನಡೆದ. ಒಗೆಯುವ ಕಲ್ಲಿನ ಹತ್ತಿರ ಮನೆಗೆಲಸದ ಮಾರಕ್ಕ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಏನನ್ನೋ ಉಜ್ಜುತ್ತಿದ್ದಳು. ಪೊಲೀಸರನ್ನು ಕಂಡು ಹೆದರಿ ಅದನ್ನು ಬಕೆಟ್ಟಿಗೆ ತುರುಕಿದಳು.

"ತೆಗಿಯಮ್ಮ."

"ಮಗ್ಗದ ಗ್ರೀಸು ಸಾಮಿ, ಸೋಪಲ್ಲಿ ಹೋಗ್ತಿಲ್ಲ."

"ತೆಗಿ."

ಒದ್ದೆ ಬಟ್ಟೆ ಮೇಲೆ ಬಂತು. ಗ್ರೀಸಲ್ಲ. ದಪ್ಪಗೆ ಕಪ್ಪಾಗಿ ಹತ್ತಿಕೊಂಡ ಟಾರು. ಮುನಿರಾಮಯ್ಯ ಹುಡುಕಿಕೊಂಡು ಬಂದಿದ್ದು ಲಕ್ಷ್ಮಯ್ಯನ ಲುಂಗಿಯನ್ನು. ಮಾರಕ್ಕನ ಕೈಯಲ್ಲಿ ನೇತಾಡುತ್ತಿದ್ದದ್ದು ಒಂದು ನೀಲಿ ಸೀರೆ.

ಹಿಂದೆಯೇ ಬಂದಿದ್ದ ಲಕ್ಷ್ಮಯ್ಯ ಸೀರೆ ನೋಡಿದ, ಪೊಲೀಸರನ್ನು ನೋಡಿದ, ಮತ್ತೆ ಸೀರೆ ನೋಡಿದ.

"ಇದು... ಇದು ನಮ್ಮ ಅನುಸೂಯಂದು."

"ಬೈರಣ್ಣ, ಈ ಮಾರಕ್ಕನ ಹೇಳಿಕೆ ಬರ್ಕೊಳ್ಳಿ," ಎಂದು ಹೇಳಿ ಮುನಿರಾಮಯ್ಯ ನಡುಮನೆಗೆ ಬಂದ.

ಅನುಸೂಯಮ್ಮ ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದಳು. ಮಗನ ಹೆಣ ಮನೆಗೆ ಬಂದಾಗಿನಿಂದ ಒಂದು ಮಾತೂ ಆಡಿಲ್ಲ, ಅತ್ತೂ ಇಲ್ಲ ಅಂತ ನೆಂಟರು ಹೇಳಿದ್ದರು. ದುಃಖಕ್ಕೆ ಬಾಯಿ ಬಿದ್ದುಹೋಗಿದೆ ಅಂದುಕೊಂಡಿದ್ದರು.

ಮುನಿರಾಮಯ್ಯ ನೆಲದ ಮೇಲೇ ಕೂತ. ರುಕ್ಮಿಣಮ್ಮನಿಂದ ತಂದಿದ್ದ ವೇಬ್ರಿಜ್ಜಿನ ಚೀಟಿಯನ್ನು ಅವಳ ಮುಂದಿಟ್ಟ.

"ಅಮ್ಮಾ, ಇದು ಸೋಮವಾರ ಬೆಳಿಗ್ಗೆದು. ಕಾರಲ್ಲಿ ನರೇಶನ ಜೊತೆ ಇನ್ನೊಬ್ಬರು ಇದ್ರು."

ಅವಳು ಚೀಟಿಯನ್ನು ಕೈಗೆತ್ತಿಕೊಂಡಳು. ಅಂಕಿಯ ಮೇಲೆ ಬೆರಳಾಡಿಸಿದಳು.

"ನಾನೇ," ಅಂದಳು.

"ಅನೂ!" ಲಕ್ಷ್ಮಯ್ಯ ಚೀರಿದ. "ಏನೇ ಹೇಳ್ತಿದೀಯ ನೀನು?"

"ನಾನೇ ಕೂತಿದ್ದೆ ರೀ. ನೀವು ಬೈತೀರ ಅಂತ ಹೇಳ್ಲಿಲ್ಲ. ರೇಸಿಗೆ ಮುಂಚೆ ಘಾಟಿ ಸುಬ್ರಹ್ಮಣ್ಯನಿಗೆ ಕಾರಿನ ಬೀಗದಕೈ ಇಟ್ಟು ಪೂಜೆ ಮಾಡಿಸ್ಬೇಕು, ಬಾರಮ್ಮ ಅಂದ. ಸೀಟೇ ಇಲ್ವಲ್ಲೋ ಅಂದೆ. ನೆಲದ ಮೇಲೆ ಕೂರು, ನೀನೇ ಇವತ್ತು ನನ್ನ ಮೂರ್ತಿ ಅಂದ." ಮಾತು ಒಡ್ಡು ಒಡೆದ ಹಾಗೆ ಬರುತ್ತಿತ್ತು. "ಮೊದ್ಲು ತೂಕದ ಕಟ್ಟೆ ಮೇಲೆ ಹತ್ತಿಸಿದ. ರುಕ್ಮಿಣಮ್ಮ ನೋಡಿದ್ರೆ ನಾಚ್ಕೆ ಅಂತ ತಲೆ ಬಗ್ಗಿಸ್ಕೊಂಡೆ. ಚೀಟಿ ಓದಿ ಎಷ್ಟು ನಕ್ಕ ಅಂತೀರಾ. ಎರಡು ತಿಂಗಳು ಕಷ್ಟಪಟ್ಟು ನೂರಿಪ್ಪತ್ತು ಕೆಜಿ ಬಿಚ್ಚಿ ಹಾಕ್ದೆ, ನಾವಿಬ್ರು ಕೂತ ತಕ್ಷಣ ಅಷ್ಟೂ ವಾಪಸ್ ಬಂತಲ್ಲಮ್ಮ ಅಂದ."

ಲಕ್ಷ್ಮಯ್ಯ ಗೋಡೆಗುಂಟ ಜಾರಿ ಕುಸಿದು ಕೂತ. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

ಮುನಿರಾಮಯ್ಯ ಮುಂದಿನ ಪ್ರಶ್ನೆಯನ್ನು ಕೇಳಲೇಬೇಕಿತ್ತು.

"ಕಾರು ಬಿದ್ದಾಗ ನೀವು ಒಳಗಿರ್ಲಿಲ್ಲ?"

"ಪೂಜೆ ಆಯ್ತು. ಈ ರಸ್ತೆ ಚೆನ್ನಾಗಿದೆ, ತಿರುವಿನ ತನಕ ಒಂದ್ಸಲ ಜೋರಾಗಿ ಓಡಿಸಿ ನೋಡ್ಬಿಟ್ಟು ಬರ್ತೀನಿ, ಹತ್ತೇ ನಿಮಿಷ, ನೀನು ಇಲ್ಲೇ ಇರು, ಅಲ್ಲಾಡಿ ಅಲ್ಲಾಡಿ ನಿನ್ನ ಸೊಂಟ ಹಿಡ್ಕೊಳ್ಳುತ್ತೆ ಅಂದ. ದೇವಸ್ಥಾನದ ಕಮಾನಿನ ಹತ್ರ ಇಳಿಸಿದ. ನಾನು ಪ್ರಸಾದ ಕೈಲಿ ಹಿಡ್ಕೊಂಡು ನಿಂತಿದ್ದೆ."

"ಆಮೇಲೆ?"

"ಬರ್ಲೇ ಇಲ್ಲ. ಒಂಬತ್ತು ಗಂಟೆ ತನಕ ಕಾದೆ. ಬಸ್ಸಲ್ಲಿ ಊರಿಗೆ ಬಂದೆ. ಬಾಗಿಲಲ್ಲಿ ಜನ ಸೇರಿದ್ರು."

ನೆರೆಮನೆಯ ಮಗ್ಗಗಳ ಸದ್ದು ಗೋಡೆ ದಾಟಿ ಬರುತ್ತಿತ್ತು. ಅನುಸೂಯಮ್ಮ ಸೆರಗಿನಲ್ಲಿ ಮುಖ ಒತ್ತಿಕೊಂಡಳು. ಮತ್ತೆ ಎತ್ತಿದಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ, ಹೆದರಿಕೆಯಿತ್ತು.

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ?"

"ನಮಗೆ."

ಅವಳು ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಮುಂದಕ್ಕೆ ಬಾಗಿ ಮುನಿರಾಮಯ್ಯನ ತೋಳು ಹಿಡಿದಳು. ದನಿ ಪಿಸುಮಾತಾಯಿತು.

"ಅವನ ಹಿಂದೇನೇ ಒಂದು ಜೀಪು ಹೋಯ್ತು. ಅಷ್ಟು ಹೊತ್ತೂ ಕಮಾನಿನ ಆಚೆ ಮರದ ಕೆಳಗೆ ನಿಂತಿತ್ತು. ಕಾಲು ಗಂಟೆ ಆದ ಮೇಲೆ ಜೀಪು ವಾಪಸ್ ಬಂತು. ನನ್ನ ಮಗ ಬರ್ಲಿಲ್ಲ."

ಮುನಿರಾಮಯ್ಯ ಲೆಕ್ಕ ಹಾಕಿದ. ಏಳ್ನೂರ ಎಂಬತ್ತು ಕೆಜಿಯ ಕಾರು. ಒಳಗೆ ಐವತ್ತೈದು ಕೆಜಿಯ ಹುಡುಗ. ಜೀಪಿಗೆ ಅದು ಬೆಂಕಿಪೊಟ್ಟಣ. ತಿರುವಿನಲ್ಲಿ ಹಿಂದಿನಿಂದ ಮೂಗು ತಾಗಿಸಿ ಒತ್ತಿದರೆ ಸಾಕು. ತಾನಾಗಿ ಬೀಳೋ ಕಾರಲ್ಲ ಅಂದಿದ್ದನಲ್ಲ ಬ್ರೇಕ್ ಇನ್ಸ್‌ಪೆಕ್ಟರ್.

"ಯಾರ ಜೀಪಮ್ಮ? ಗುರುತು ಸಿಗುತ್ತಾ? ನಂಬರ್ ಏನಾದ್ರೂ ನೆನಪಿದೆಯಾ?"

"ನಂಗೆ ಓದೋಕೆ ಬರುತ್ತೆ ಸಾರ್." ಅವಳ ಉಗುರು ಅವನ ತೋಳಿಗೆ ಚುಚ್ಚಿತು. "ನಿಮ್ಮ ಜೀಪು. ಈಗ ನಮ್ಮನೆ ಮುಂದೆ ನಿಲ್ಲಿಸಿದೀರಲ್ಲ, ಅದೇ. ಪೊಲೀಸಿನವರ ಹತ್ರ ಹೋಗಿ ಪೊಲೀಸಿನವರ ಮೇಲೆ ಏನಂತ ಹೇಳ್ಲಿ ನಾನು?"

ಮುನಿರಾಮಯ್ಯ ಆ ಎರಡು ದಿನಗಳನ್ನು ಮನಸ್ಸಿನಲ್ಲೇ ತಿರುವಿ ಹಾಕಿದ. ಭಾನುವಾರ ಸಂಜೆಯ ರೈಲಿಗೆ ಅವನು ಕೋರ್ಟಿನ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದ. ಸೋಮವಾರ ಮಧ್ಯಾಹ್ನ ವಾಪಸ್ ಬಂದಾಗಲೇ ಅವನಿಗೆ ಸುದ್ದಿ ತಿಳಿದದ್ದು. ಕ್ವಾರಿಯ ಹತ್ತಿರ ಮೊದಲು ಹೋಗಿ ಹೆಣ ನೋಡಿದ್ದು, ಪಂಚನಾಮೆ ಬರೆದದ್ದು, ಸ್ಪೀಡು ಅಂದದ್ದು ಬೇರೆಯವರು. ಅಷ್ಟು ಹೊತ್ತೂ ಜೀಪು ಠಾಣೆಯಲ್ಲೇ ಇತ್ತು ಅಂತ ಅವನು ತಿಳಿದುಕೊಂಡಿದ್ದ.

"ಓಡಿಸ್ತಿದ್ದೋರು ಯಾರು?" ಎಂದು ಕೇಳಿದ.

ಅವಳ ನೋಟ ಅವನ ಹೆಗಲ ಮೇಲಿಂದ ಹಿಂದಕ್ಕೆ ಸರಿದು ಅಲ್ಲೇ ನಿಂತುಬಿಟ್ಟಿತು.

ಹಿತ್ತಲ ಬಾಗಿಲಲ್ಲಿ ಬೈರಣ್ಣ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಜೀಪಿನ ಬೀಗದಕೈಯನ್ನು ತೋರುಬೆರಳಿಗೆ ಸಿಕ್ಕಿಸಿಕೊಂಡು ಸುಮ್ಮನೆ ತಿರುಗಿಸುತ್ತಿದ್ದ.

"ಅಮ್ಮಾವ್ರಿಗೆ ಸುಸ್ತಾಗಿದೆ ಸಾರ್," ಅಂದ ಮೆತ್ತಗೆ. "ಏನೇನೋ ಹೇಳ್ತಾರೆ. ಹೋಗೋಣ್ವಾ? ನಾನೇ ಓಡಿಸ್ತೀನಿ."